ನಿಂಬಿಯ ಹಿಂದೊಂದು ಮನೆ

ಮೊನ್ನೆ ಶನಿವಾರ ಬೆಳಿಗ್ಗೆ ಕಿಟಕಿಯ ಬಳಿ ಚಿತ್ರ ಬರೆಯುತ್ತ ಕುಳಿತಿದ್ದೆ. ‘ಬರೆಯುತ್ತ’ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ನಿಜವಾಗಿ ಹಾಳೆಯನ್ನು ದುರುಗುಟ್ಟಿ ನೋಡುತ್ತಿದ್ದೆ. ಅಷ್ಟರಲ್ಲಿ ಎದುರು ಮನೆಯವರು ಮಳೆಗೆ ಸೋರದಿರಲೆಂದು ತಮ್ಮ ಮಣ್ಣಿನ ಮಾಳಿಗೆಯ ಮೇಲೆ ಕರಲು ಮಣ್ಣು ಸುರಿಸತೊಡಗಿದರು. ಸಿಂದಗಿಯಲ್ಲಿ ಇಂಥ ಮಾಳಿಗೆಗಳು ಉಳಿದಿರುವುದೇ ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ನನ್ನ ಕಿಟಕಿಗೇ ಎದುರಾಗಬೇಕೆ! ಧೂಳೆಲ್ಲ ಒಳಗೆ ನುಗ್ಗಿತು. ಸೀನುತ್ತಲೇ ಬೈಯಲು ಎದ್ದೆ. ಆದರೆ ಆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಗುಳ ಮರೆತೇಹೋಯಿತು.

ನನ್ನ ಸಂಕಟ ಏನೆಂದು ಹೇಳುತ್ತೇನೆ, ಕೇಳಿ. ನಿಂಬಿ ಎಂಬ ಹುಡುಗಿ ನಾನೇ ಹುಟ್ಟಿಸಿದವಳು, ಹಾಳೆಯ ಮೇಲೆ. ಎರಡು ಜಡೆ, ಒಂದು ಸದಾ ಬಿಚ್ಚಿದ್ದು. ಫ್ರಾಕಿನ ಕಿಸೆ ತುಂಬ ಹುರಿದ ಶೇಂಗಾ. ವರ್ಷಗಟ್ಟಲೆ ನನ್ನ ಹಾಳೆಗಳ ಅಂಚಿನಲ್ಲಿ ಓಡಾಡಿಕೊಂಡಿದ್ದವಳಿಗೆ ಈಗ ಮಕ್ಕಳ ಪುಸ್ತಕವೊಂದರಲ್ಲಿ ಜಾಗ ಸಿಕ್ಕಿತ್ತು. ಬೇಕಾದದ್ದು ಅವಳ ಹಿಂದೆ ಒಂದು ಹಿನ್ನೆಲೆ, ಅಷ್ಟೇ. ಆ ‘ಅಷ್ಟೇ’ ನನ್ನ ಜೀವ ತಿಂದಿತು.

ಮೊದಲು ಎರಡು ಗುಡ್ಡ, ನಡುವೆ ಸೂರ್ಯ, ಹೆಂಚಿನ ಮನೆ, ತೆಂಗಿನ ಮರ ಬರೆದು ಪುಸ್ತಕದ ಸಂಪಾದಕಿಗೆ ಕಳಿಸಿದೆ. ನೀವೇ ಹೇಳಿ, ನಮ್ಮ ಎರೆನೆಲದಲ್ಲಿ ಗುಡ್ಡ ಎಲ್ಲಿದೆ? ಶಾಲೆಯ ಡ್ರಾಯಿಂಗ್ ಪರೀಕ್ಷೆಗೆ ನಾವೆಲ್ಲ ಗುಡ್ಡವನ್ನೇ ಬರೆದವರು, ಕಾಣದ ಗುಡ್ಡಕ್ಕೆ ಹಸಿರು ಬಣ್ಣ ಬಳಿದು ‘ಶಾಬಾಸ್’ ಎನಿಸಿಕೊಂಡವರು. ಕೈಗೆ ಅದೇ ರೂಢಿ. ಚಿತ್ರ ವಾಪಸು ಬಂತು. ಹಟಕ್ಕೆ ಬಿದ್ದು ಎರಡನೆಯದರಲ್ಲಿ ಜೋಳದ ತೆನೆ, ಚಕ್ಕಡಿ, ಇಳಕಲ್ ಸೀರೆ, ನಿಂಬೆ ಗಿಡ ಎಲ್ಲ ತುರುಕಿದೆ. ನಿಂಬಿಯನ್ನು ಹುಡುಕಬೇಕಾಯಿತು.

ಸಂಪಾದಕಿ ಫೋನ್ ಮಾಡಿದರು. “ಚೆನ್ನಾಗಿದೆ ಮೇಡಂ. ಆದರೆ ಹುಡುಗಿ ಯಾರದೋ ಮನೆಗೆ ಬಂದು ನಿಂತ ಹಾಗಿದ್ದಾಳೆ. ಸೋಮವಾರದೊಳಗೆ ಆಗದಿದ್ದರೆ ಹಿಂದೆ ಬರೀ ಹಳದಿ ಬಣ್ಣ ಹಾಕಿಬಿಡೋಣ.”

ಹಳದಿ ಬಣ್ಣವಂತೆ! ನನ್ನ ಹುಡುಗಿಗೆ ಮನೆಯೇ ಇಲ್ಲವೇ? ಮಾಡುವುದೇನು, ಆ ಮನೆ ನನಗೂ ಹೊಳೆದಿರಲಿಲ್ಲ.

ಕರಲು ಮಣ್ಣಿನ ವಾಸನೆ ನನ್ನನ್ನು ನೇರ ಮೋರಟಗಿಗೆ, ಚಿಗವ್ವನ ಮನೆಗೆ ಒಯ್ದಿತು. ಅವ್ವನ ತಂಗಿ ಅವಳು. ಶಾಲೆಯ ಸೂಟಿಯೆಲ್ಲ ನಾನು ಅವಳ ಮಣ್ಣಿನ ಮಾಳಿಗೆಯ ಮೇಲೇ ಬೆಳೆದೆ. ಮಾಳಿಗೆಯ ನಡುವೆ ಬೆಳಕಿಂಡಿ: ಕೆಳಗಿನ ಅಡುಗೆಮನೆಗೆ ಬೆಳಕು ಬೀಳಲೆಂದು ಬಿಟ್ಟ ತೂತು. ಬಿಸಿಲು ನೆಲದ ಮೇಲೆ ಎಲ್ಲಿಗೆ ಬಂತೆಂದು ನೋಡಿಯೇ ಚಿಗವ್ವ ಹೊತ್ತು ಹೇಳುತ್ತಿದ್ದಳು. ನನ್ನ ಕೈಗಡಿಯಾರ ಅವಳ ಕಣ್ಣಿಗೆ ಬರೀ ಆಟಿಗೆ ಸಾಮಾನು. ಮಳೆಹನಿ ಬಿದ್ದರೆ ಬೆಳಕಿಂಡಿಯ ಮೇಲೆ ತಗಡು ಎಳೆಯುವುದು ಮಕ್ಕಳ ಕೆಲಸ. ಆದರೆ ಸುಮ್ಮನೆ ಎಳೆಯುವಂತಿಲ್ಲ. ಏಕಾಏಕಿ ಕತ್ತಲಾದರೆ ರೊಟ್ಟಿಯ ಹಂಚಿನ ಮುಂದೆ ಕುಳಿತವಳ ಕೈ ಸುಟ್ಟೀತು. ಅದಕ್ಕೇ ಬಗ್ಗಿ ತಲೆ ಒಳಗೆ ಹಾಕಿ ಕೂಗಬೇಕು:

“ಚಿಗವ್ವಾ, ಮುಚ್ಚಾಕತ್ತೇನಿ!”

“ಮುಚ್ಚಿ ಲಗೂನ ಇಳದ ಬಾ, ರೊಟ್ಟಿ ಆರತಾವ!”

ಅಯ್ಯೋ ನನ್ನ ಬುದ್ಧಿಯೇ! ಇಷ್ಟು ದಿನ ನಿಂಬಿಯನ್ನು ನೆಲದ ಮೇಲೆ ನಿಲ್ಲಿಸಿ ಅವಳ ಬೆನ್ನ ಹಿಂದೆ ಮನೆ ಹುಡುಕುತ್ತಿದ್ದೆ. ಚಿಗವ್ವ ಕೂತ ಜಾಗದಲ್ಲಿ ಕೂತು, ತಲೆಯೆತ್ತಿ ಬೆಳಕಿಂಡಿಯಲ್ಲಿ ನಿಂಬಿಯನ್ನು ನೋಡಬೇಕಿತ್ತು.

ಊಟ ಬಿಟ್ಟು ಬರೆದೆ. ಸುತ್ತ ಮಸಿ ಹಿಡಿದ ಜಂತಿ, ಹೊಗೆ, ಮಬ್ಬುಗತ್ತಲು. ಮೇಲೆ ಚೌಕ ಬೆಳಕು. ಅದರಲ್ಲಿ ನಿಂಬಿಯ ತಲೆಕೆಳಗಾದ ಮುಖ, ಕೂಗಲು ತೆರೆದ ಬಾಯಿ, ಜೋತುಬಿದ್ದ ಬಿಚ್ಚಿದ ಜಡೆ. ಒಂದು ಮಳೆಹನಿ, ಜೊತೆಗೆ ಜಾರಿದ ಒಂದು ಶೇಂಗಾ ಕೆಳಗೆ ಬೀಳುತ್ತಿವೆ. ಗುಡ್ಡ ಇಲ್ಲ, ತೆಂಗಿಲ್ಲ, ಚಕ್ಕಡಿಯೂ ಇಲ್ಲ.

ಅದನ್ನೇ ಕಳಿಸಿದೆ. ಸೋಮವಾರ ಫೋನ್ ಬಂತು. “ಒಂದು ಗೆರೆಯನ್ನೂ ಮುಟ್ಟಬೇಡಿ ಮೇಡಂ,” ಎಂದರು ಸಂಪಾದಕಿ. ಉಸ್ಸಪ್ಪಾ ಎಂದು ನೆಲದ ಮೇಲೇ ಕುಳಿತುಬಿಟ್ಟೆ. ಹಗುರಾಯಿತು, ನಗು ಬಂತು, ಭಯಂಕರ ಹಸಿವೂ ಆಯಿತು.

ಮರುದಿನವೇ ಬಸ್ಸು ಹತ್ತಿ ಮೋರಟಗಿಗೆ ಹೋದೆ. ಚಿಗವ್ವನ ಮನೆಗೆ ಈಗ ಸಿಮೆಂಟಿನ ಸ್ಲ್ಯಾಬು. ಬೆಳಕಿಂಡಿ ಹೋಗಿ ಟ್ಯೂಬ್‌ಲೈಟ್ ಬಂದಿದೆ. ಅವಳು ಅದೇ ದನಿಯಲ್ಲಿ ಸೊಸೆಯನ್ನು ಗದರುತ್ತ ಗಟ್ಟಿಯಾಗಿದ್ದಾಳೆ. ರೊಟ್ಟಿ ಬಡಿಯುತ್ತಿದ್ದವಳ ಮುಂದೆ ಮೊಬೈಲು ಹಿಡಿದೆ. ಹಿಟ್ಟಿನ ಕೈಯಲ್ಲೇ ಮೂಗಿಗೆ ಚಾಳೀಸು ಏರಿಸಿಕೊಂಡಳು.

“ಯಾರ ಮಗಳಬೇ ಇಕಿ?”

“ನನ್ನಾಕಿ ಚಿಗವ್ವಾ. ನಿಂಬಿ ಅಂತ. ನಾನ ಬರದೇನಿ.”

ಅವಳು ಚಿತ್ರವನ್ನು ಹೊಗಳಲಿಲ್ಲ. ಮೊಬೈಲಿನೊಳಗಿನ ಹುಡುಗಿಯನ್ನೇ ಗದರಿದಳು:

“ಏ ನಿಂಬಿ, ಮಳಿ ಬಂತು. ಮುಚ್ಚಿ ಲಗೂನ ಇಳದ ಬಾ, ರೊಟ್ಟಿ ಆರತಾವ!”

“ಬಂದ್ನಿ ಚಿಗವ್ವಾ,” ಎಂದು ನಿಂಬಿಯ ಬದಲು ನಾನೇ ತಾಟಿನ ಮುಂದೆ ಕುಳಿತೆ.