ಉಮಾವತಿ ಹಾಕಿದ ಎಲೆ

ಮರವಂತೆಯ ಉಮಾವತಿಯ ತಲೆಗೆ ಒಂದು ಮಾತು ಸರಿ ಎಂದು ಹೊಕ್ಕಿತೆಂದರೆ ಮುಗಿಯಿತು. ಸರಿಯಲ್ಲ ಎನ್ನಲು ಒಂದು ದೇಶದ ಸರ್ಕಾರವೇ ಬಂದು ನಿಂತರೂ ಅವಳು ಒಪ್ಪುವವಳಲ್ಲ. ಸುಮ್ಮನೆ ಹೊಗಳುವುದಕ್ಕೆ ಹೀಗೆ ಹೇಳುತ್ತಿಲ್ಲ. ಲೆಬನಾನ್ ದೇಶದ ಕಾನೂನನ್ನು ಅವಳು ಇವತ್ತಿಗೂ ಒಪ್ಪಿಲ್ಲ.

ಗಂಡ ತೀರಿಕೊಂಡಾಗ ಮಗಳು ತೃಷಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಮೀನಿನ ಬುಟ್ಟಿ ಹೊತ್ತು ಹೆಮ್ಮಾಡಿಯ ಕಡೆ ತಿರುಗಿದರೂ ಸಂಸಾರ ಸಾಗಲಿಲ್ಲ. ಮಗಳನ್ನು ತನ್ನ ಸೋದರಮಾವ ಅಣ್ಣಯ್ಯನಿಗೆ ಒಪ್ಪಿಸಿ, ಮುಂಬೈಯ ಏಜೆಂಟನೊಬ್ಬನ ಮೂಲಕ ಲೆಬನಾನಿನ ಸೈದಾ ಪಟ್ಟಣಕ್ಕೆ ಮನೆಗೆಲಸಕ್ಕೆ ಹೋದಳು. ಮನೆಯ ಯಜಮಾನಿ ನಾದಿಯಾ ಲೆಬನಾನಿನವಳೇ, ಸದಾ ಕಾಯಿಲೆ. ಅವಳ ಗಂಡ ಪ್ಯಾಲೆಸ್ಟೀನಿನ ನಿರಾಶ್ರಿತ. ಅಲ್ಲಿನ ಶಿಬಿರದಲ್ಲೇ ಹುಟ್ಟಿ ಬೆಳೆದು ಎಂಜಿನಿಯರಿಂಗ್ ಓದಿದವನು. ನಿರಾಶ್ರಿತನಿಗೆ ಆ ಕೆಲಸದ ಪರವಾನಗಿ ಕೊಡುವುದಿಲ್ಲವೆಂದು, ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು ಆಯುಷ್ಯ ಮುಗಿಸಿದ. ಇವರ ಒಬ್ಬಳೇ ಮಗಳು ರೀಮಾ. ಅವಳ ತಲೆ ಬಾಚಿದ್ದು, ಜ್ವರ ಬಂದಾಗ ಗಂಜಿ ಕುಡಿಸಿದ್ದು, ಬೇಕಾದಲ್ಲಿ ಬೈದದ್ದು ಎಲ್ಲ ಉಮಾವತಿ. ಬೈಯುವುದಕ್ಕೆ ಅರಬ್ಬಿ ಸಾಲದೆ ಕುಂದಾಪ್ರ ಕನ್ನಡವನ್ನೂ ಕಲಿಸಿಬಿಟ್ಟಳು. ಹೆತ್ತ ಮಗಳ ಜೊತೆ ಮಾತು ವಾರಕ್ಕೊಮ್ಮೆ, ಫೋನಿನಲ್ಲಿ.

ನಾದಿಯಾ ಸತ್ತಳು. ದುಃಖ ಕೇಳಲು ಬಂದ ನೆಂಟರು ಹಜಾರದ ತುಂಬ ಕೂತಿದ್ದರು. ಮನೆ ಏನಾಗುತ್ತದೆ ಎಂದು ಯಾರೋ ಪಿಸುಗುಟ್ಟಿದ್ದು ಕಾಫಿ ಕೊಡುತ್ತಿದ್ದ ಉಮಾವತಿಯ ಕಿವಿಗೆ ಬಿತ್ತು. ಅದರಲ್ಲಿ ಕೇಳುವುದೇನಿದೆ, ತಾಯಿಯ ಮನೆ ಮಗಳಿಗೆ ಎಂದು ತನ್ನ ಹರಕು ಅರಬ್ಬಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಮೊಗವೀರರ ಮನೆಯಲ್ಲಿ ಹುಟ್ಟಿದವಳು ಇನ್ನೇನು ಹೇಳಿಯಾಳು? ಕರಾವಳಿಯ ಈ ಜನರಲ್ಲಿ ಮಗು ತಾಯಿಯ ಬಳಿಗೆ, ಎಂದರೆ ತಾಯಿಯ ವಂಶಕ್ಕೆ ಸೇರಿದ್ದು. ಅಪ್ಪ ಯಾರಾದರೇನು, ಮನೆತನ ತಾಯಿಯ ಕಡೆಯದೇ, ಕುಂದಾಪ್ರದ ಮಾತಿನಲ್ಲಿ ಅಬ್ಬಿಯ ಕಡೆಯದೇ. ನಾದಿಯಾಳ ಅಣ್ಣ ಕಾಫಿ ಮುಟ್ಟದೆ ಎದ್ದುಹೋದ.

ಆಮೇಲೆ ರೀಮಾಳೇ ಬಿಡಿಸಿ ಹೇಳಿದಳು. ಆ ದೇಶದಲ್ಲಿ ತಾಯಿಯಿಂದ ಪೌರತ್ವ ಬರುವುದಿಲ್ಲ. ಅಪ್ಪ ನಿರಾಶ್ರಿತ, ಆದ್ದರಿಂದ ಅಲ್ಲೇ ಹುಟ್ಟಿದ ಮಗಳೂ ನಿರಾಶ್ರಿತೆ. ನಿರಾಶ್ರಿತರ ಹೆಸರಿಗೆ ಮನೆ ನೋಂದಣಿಯಾಗುವುದಿಲ್ಲ, ತಾಯಿಯದಾದರೂ ಅಷ್ಟೆ. ಜೋರ್ಡಾನಿಗೆ ಹೋದ ಅವಳ ದೊಡ್ಡಜ್ಜನ ಮಕ್ಕಳಿಗೆ ಪಾಸ್‌ಪೋರ್ಟ್ ಸಿಕ್ಕಿತ್ತು. ಸಿರಿಯಾ ಸೇರಿದವರಿಗೆ ಪೌರತ್ವ ಇಲ್ಲದಿದ್ದರೂ ನೌಕರಿಯಾದರೂ ಸಿಕ್ಕಿತ್ತು. ಲೆಬನಾನಿನಲ್ಲಿ ಉಳಿದವರಿಗೆ ಅದೂ ಇಲ್ಲ, ಇದೂ ಇಲ್ಲ. ಮನೆ ರೀಮಾಳ ಸೋದರಮಾವನಿಗೆ ಹೋಯಿತು. ಸೋದರಮಾವ ಎಂದರೆ ಸೊಸೆಗೆ ಬೆನ್ನಾಗಿ ನಿಲ್ಲುವವನು ಎಂದು ತಿಳಿದಿದ್ದ ಉಮಾವತಿಗೆ ಹೊಟ್ಟೆ ಉರಿದುಹೋಯಿತು.

ಉಮಾವತಿ ಊರಿಗೆ ಮರಳಿದಳು. ರೀಮಾ ಎಲ್ಲೆಲ್ಲೋ ಅರ್ಜಿ ಹಾಕಿ, ವಿದ್ಯಾರ್ಥಿವೇತನ ಗಿಟ್ಟಿಸಿ, ಮೈಸೂರಿಗೆ ಓದಲು ಬಂದಳು. ದಸರಾ ರಜೆಗೆ ಹಾಸ್ಟೆಲಿನವರೆಲ್ಲ ಮನೆಗೆ ಹೊರಟರು. ಇವಳು ಎಲ್ಲಿಗೆ ಹೋಗಬೇಕು? ಉಮಾವತಿ ಫೋನಿನಲ್ಲಿ ಎರಡೇ ಮಾತು ಬೈದಳು. ಹುಡುಗಿ ಕುಂದಾಪುರದ ರೈಲು ಹತ್ತಿದಳು.

ಬಂದದ್ದು ಹೊಸ್ತಿನ ಸಮಯಕ್ಕೆ. ಹೊಸ ಅಕ್ಕಿಯ ಮೊದಲ ಊಟ ಅದು, ಮನೆಯವರು ಮಾತ್ರ ಕೂತು ಉಣ್ಣುವುದು. ನೆಂಟರು ಎಷ್ಟೇ ದೊಡ್ಡವರಾದರೂ ಅವರಿಗೆ ಎಲೆ ಆಮೇಲೆ. ಉಣ್ಣುವ ಮುಂಚೆ ಕಿರಿಯರು ತಮಗಿಂತ ಹಿರಿಯರಾದ ಒಬ್ಬೊಬ್ಬರನ್ನೂ ಹೊಸ್ತು ಉಣ್ಣುತ್ತೇನೆ ಎಂದು ಅಪ್ಪಣೆ ಕೇಳಬೇಕು, ಅವರು ಉಣ್ಣು ಎನ್ನಬೇಕು.

ಉಮಾವತಿ ಸಾಲಿನಲ್ಲಿ ರೀಮಾಳ ಎಲೆಯನ್ನೂ ಹಾಕಿದಳು. ಅಣ್ಣಯ್ಯ ಕೆಟ್ಟವನಲ್ಲ, ಕ್ರಮ ಬಿಡುವವನೂ ಅಲ್ಲ. ಆ ಹೆಣ್ಣಿಗೆ ಎರಡನೇ ಪಂಕ್ತಿಯಲ್ಲಿ ಚೆನ್ನಾಗಿ ಬಡಿಸಿದರಾಯಿತಲ್ಲ ಎಂದ. ರೀಮಾಳಿಗೆ ಅಷ್ಟೂ ಅರ್ಥವಾಯಿತು. ಇಂಥ ಮಾತು ಅವಳಿಗೆ ಹೊಸದಲ್ಲ. ಸದ್ದಿಲ್ಲದೆ ಎದ್ದು ಬಾಗಿಲ ಕಡೆ ನಡೆದಳು.

ಉಮಾವತಿ ಅವಳ ಕೈ ಹಿಡಿದು ನಿಲ್ಲಿಸಿದಳು. "ಮಾವ, ಅಲ್ಲ್ ಅಪ್ಪನ್ ಲೆಕ್ಕ, ಅದ್ಕೇ ಈ ಹೆಣ್ಣಿಗ್ ಮನಿ ಇಲ್ಲೆ. ನಮ್ಮಲ್ಲ್ ಅಬ್ಬಿ ಲೆಕ್ಕ ಅಲ್ದಾ? ಇದ್ರ್ ಅಬ್ಬಿ ಸತ್ತ್ ಹೋಯ್ತ್, ನಾನ್ ಬದ್ಕಿ ಇದ್ದೆ ಅಲ್ದಾ?"

ಅಣ್ಣಯ್ಯ ಉತ್ತರ ಕೊಡುವ ಮೊದಲೇ ತೃಷಾ ಬಾಯಿ ಬಿಟ್ಟಳು. "ಅವ್ಳಿಗೆ ಅಬ್ಬಿ ಸಿಕ್ತ್. ನಂಗೆ ಫೋನ್ ಸಿಕ್ತ್."

ಇಷ್ಟು ವರ್ಷ ಹೊಟ್ಟೆಯೊಳಗಿದ್ದದ್ದು ಹೊಸ್ತಿನ ದಿನವೇ ಹೊರಬಿತ್ತು. ಯಾವ ಸರ್ಕಾರಕ್ಕೂ ಸೋಲದ ಉಮಾವತಿ ಮಗಳೆದುರು ತಲೆ ತಗ್ಗಿಸಿದಳು. "ಹೌದ್ ಮಗಾ," ಎಂದಳು. ಸಮಜಾಯಿಷಿ ಕೊಡಲಿಲ್ಲ, ನಿನಗಾಗಿಯೇ ದುಡಿದೆ ಎನ್ನಲಿಲ್ಲ. ಆದರೆ ಹಿಡಿದ ಕೈಯನ್ನೂ ಬಿಡಲಿಲ್ಲ. ನನಗೆ ಈ ಹೆಂಗಸಿನ ಮೇಲೆ ಗೌರವ ಹುಟ್ಟಿದ್ದು ಈ ಕಥೆಯ ಇದೊಂದು ಜಾಗದಲ್ಲಿ.

ಅಣ್ಣಯ್ಯ ಆ ಎಲೆಯನ್ನು ನೋಡಿದ, ಉಮಾವತಿಯನ್ನು ನೋಡಿದ. ಕೊನೆಗೆ ಕೂತುಕೊಳ್ಳಲಿ ಎಂದು ಕೈಸನ್ನೆ ಮಾಡಿದ. ರೀಮಾ ಕೂತು, ಉಮಾವತಿ ಹೇಳಿಕೊಟ್ಟಂತೆ, "ಅಜ್ಜ, ಹೊಸ್ತ್ ಉಣ್ತೆ," ಎಂದಳು. ಅಣ್ಣಯ್ಯ ಉಣ್ಣು ಎಂದ. ಉಮಾವತಿಯನ್ನು ಕೇಳಿದಳು. ಅವಳು ಉಣ್ಣು ಎಂದು ತಲೆಯಾಡಿಸಿದಳು.

ಇನ್ನು ತೃಷಾಳ ಸರದಿ. ಅಜ್ಜನನ್ನು ಕೇಳಿದಳು, ಅಬ್ಬಿಯನ್ನು ಕೇಳಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ರೀಮಾ ಅವಳಿಗಿಂತ ಎರಡು ವರ್ಷ ದೊಡ್ಡವಳು. ತೃಷಾ ಎಲೆಯಿಂದ ಕಣ್ಣೆತ್ತದೆ, ತುಸು ಸಿಟ್ಟಿನಲ್ಲೇ ಹೇಳಿದಳು. "ಅಕ್ಕ, ಹೊಸ್ತ್ ಉಣ್ತೆ."

ರೀಮಾ ಹುಟ್ಟಿದಾಗಿನಿಂದ ಪ್ರತಿ ಕಚೇರಿಯಲ್ಲೂ, ಪ್ರತಿ ಗಡಿಯಲ್ಲೂ ಅಪ್ಪಣೆ ಕೇಳಿಯೇ ಗೊತ್ತಿದ್ದವಳು. ಅವಳ ಅಪ್ಪಣೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಕೈ ಕಟ್ಟಿ ಅವಳ ಮಾತಿಗೆ ಕಾದರು.

"ಉಣ್ಣ್," ಎಂದಳು.