ಸೂಪರ್‌ಹೀರೋ ಸುಮ್ಮನೆ ನಿಂತ ನಿಮಿಷ

ಸ್ವಲ್ಪ ತಡೆಯಿರಿ, ಎದ್ದು ಹೋಗಬೇಡಿ. ಕಾರ್ಟೂನ್ ಎಂದ ತಕ್ಷಣ “ಅದು ಮಕ್ಕಳದ್ದು” ಎಂದು ಪುಟ ತಿರುಗಿಸುವವರನ್ನು ನಾನು ಬಹಳ ನೋಡಿದ್ದೇನೆ. ಹೇಳಬೇಕಾದ್ದು ಇನ್ನೂ ಮುಂದಿದೆ.

ಸೂಪರ್‌ಹೀರೋ ಕಾರ್ಟೂನ್‌ಗಳ ಬಗ್ಗೆ ನನ್ನದೊಂದು ಹಳೆಯ ತಕರಾರು. ಹದಿಮೂರು ಹದಿನಾಲ್ಕರ ಹುಡುಗನಿಗೆ ಎಲ್ಲಿಂದಲೋ ಒಂದು ಶಕ್ತಿ ಬರುತ್ತದೆ, ಬರಲಿ. ಮಾರನೆಯ ದಿನವೇ ಮೈಗೆ ಅಚ್ಚು ಹೊಯ್ದಂಥ ಬಟ್ಟೆಯೂ ಬಂದುಬಿಡುತ್ತದೆ. ತೋಳು ಜೋಲುವುದಿಲ್ಲ, ಸೊಂಟ ಜಾರುವುದಿಲ್ಲ. ಆ ವಯಸ್ಸಿನಲ್ಲಿ ಯಾರಿಗೆ ಸ್ವಾಮಿ ಬಟ್ಟೆ ಅಷ್ಟು ಸರಿಹೋಗುತ್ತದೆ?

ನಮ್ಮ ಚಾಮರಾಜಪೇಟೆಯಲ್ಲಂತೂ ಯಾರಿಗೂ ಸರಿಹೋಗುತ್ತಿರಲಿಲ್ಲ. ಶಾಲೆ ಶುರುವಾಗುವ ಮುಂಚೆ ಟೈಲರ್ ಮುಂದೆ ಅಮ್ಮ ಹೇಳುತ್ತಿದ್ದ ಮಾತು ಒಂದೇ: “ಬೆಳೆಯೋ ಹುಡ್ಗಿ, ಒಳಗಡೆ ಬಟ್ಟೆ ಬಿಟ್ಟು ಹೊಲೀರಿ.” ಹಾಗಾಗಿ ಮೊದಲ ವರ್ಷ ಆ ಲಂಗದೊಳಗೆ ನಾನೆಲ್ಲಿದ್ದೇನೆಂದು ಹುಡುಕಬೇಕಿತ್ತು. ಮರುವರ್ಷ ಮಡಿಕೆ ಬಿಚ್ಚಿದರೆ, ಒಗೆದು ಒಗೆದು ಬಿಳಿಚಿದ ನೀಲಿಯ ಕೆಳಗೆ ಕಡುನೀಲಿಯ ಒಂದು ಪಟ್ಟಿ. ಅದರ ಮರುವರ್ಷ ಇನ್ನೊಂದು. ಮರದೊಳಗಿನ ಉಂಗುರ ಎಣಿಸಿದಂತೆ ನಮ್ಮ ಲಂಗದ ಪಟ್ಟಿ ಎಣಿಸಿ ವಯಸ್ಸು ಹೇಳಬಹುದಿತ್ತು. ಬೆಳೆಯುವುದೆಂದರೆ ನನಗೆ ಇವತ್ತಿಗೂ ಅದೇ: ಎಲ್ಲರಿಗೂ ಕಾಣುವ, ಮುಚ್ಚಿಡಲಾಗದ ಆ ಪಟ್ಟಿ.

ನಮ್ಮ ಪುರಾಣದ ಮಕ್ಕಳಾದರೂ ಸಹಾಯಕ್ಕೆ ಬರುತ್ತಾರೆಯೇ ಎಂದರೆ ಅವರೂ ಇಲ್ಲ. ತೊಟ್ಟಿಲಲ್ಲೇ ರಾಕ್ಷಸರನ್ನು ಮುಗಿಸಿ ಹಾಯಾಗಿ ಮಲಗಿಬಿಡುತ್ತಾರೆ. ಅಭ್ಯಾಸವಿಲ್ಲ, ಎಡವಟ್ಟಿಲ್ಲ, ಮೊಡವೆಯಿಲ್ಲ.

ಇಷ್ಟೆಲ್ಲ ಮಾತಾಡಲು ನಾನೇನು ಓದಿದ್ದೇನೆ ಎಂದು ಕೇಳಬೇಡಿ. ಆಗಿನ್ನೂ ಬಿ.ಕಾಂ. ಎರಡನೆಯ ವರ್ಷ. ಉಳಿದದ್ದೆಲ್ಲ ಗಾಂಧಿ ಬಜಾರಿನ ಪಕ್ಕದ ರಸ್ತೆಯ ಸಿ.ಡಿ. ಅಂಗಡಿಯಿಂದ ಬಾಡಿಗೆಗೆ ತಂದ ವಿದ್ಯೆ. ಒಂದೊಂದು ದೃಶ್ಯವನ್ನೂ ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನಿಲ್ಲಿಸಿ ನೋಡುತ್ತಿದ್ದೆ. “ಆ ರಿಮೋಟ್ ನಿಂಗೆ ಶಾಪ ಹಾಕತ್ತೆ ಕಣೇ” ಎನ್ನುತ್ತಿದ್ದಳು ಅಮ್ಮ.

ಹಾಗೆ ಒಂದು ದಿನ ಸಿಕ್ಕಿತು ಆ ಸಿನಿಮಾ. ಯಾವುದೋ ಬಂದರು ಊರಿನ ಹುಡುಗಿ. ಅಸಾಧ್ಯ ಬಲ, ಆದರೆ ಹೇಳಿದ ಹೊತ್ತಿಗೆ ಬರುವುದಿಲ್ಲ. ಬೇಡವಾದಾಗ ಬಂದು ಬಾಗಿಲಿನ ಹಿಡಿ ಕಿತ್ತು ಕೈಗೆ ಬರುತ್ತದೆ, ಬೇಕಾದಾಗ ಉಪ್ಪಿನಕಾಯಿ ಬಾಟಲಿಯ ಮುಚ್ಚಳವೂ ತೆರೆಯುವುದಿಲ್ಲ. ತೊಡುವುದು ತೀರಿಹೋದ ಅತ್ತೆಯ ಹಳೆಯ ಸೂಪರ್‌ಹೀರೋ ಅಂಗಿ. ತೋಳು ಮೂರು ಸುತ್ತು ಮಡಿಚಿದರೂ ಬೆರಳು ಹೊರಗೆ ಕಾಣದು. ನನಗೆ ಕುರ್ಚಿಯಿಂದ ಎದ್ದು ಕುಣಿಯುವಂತಾಯಿತು.

ಅದಕ್ಕಿಂತ ದೊಡ್ಡದು ಕೊನೆಯಲ್ಲಿದೆ. ಮಕ್ಕಳಿರುವ ಒಂದು ಬಸ್ಸು ಬಂದರಿನ ಕಟ್ಟೆಯ ಅಂಚಿನಲ್ಲಿ ನೇತಾಡುತ್ತಿದೆ. ಹುಡುಗಿ ಓಡಿ ಬಂದವಳು ನಿಂತುಬಿಡುತ್ತಾಳೆ. ಸಂಗೀತ ನಿಲ್ಲುತ್ತದೆ, ಸಮುದ್ರದ ಸದ್ದೂ ನಿಲ್ಲುತ್ತದೆ. ಅವಳು ತನ್ನ ಕೈ ನೋಡಿಕೊಳ್ಳುತ್ತಾಳೆ. ಅವಳನ್ನು ಬರೆದ ಗೆರೆಗಳೇ ನಡುಗುತ್ತಿರುತ್ತವೆ. ನೋಡಿ, ಇದನ್ನು ಕ್ಯಾಮೆರಾ ಮಾಡಲಾರದು, ಪೆನ್ಸಿಲ್ ಮಾತ್ರ ಮಾಡಬಲ್ಲದು. ಹೆದರಿದರೆ ಗೆರೆಯೇ ಹೆದರುತ್ತದೆ. ಆಮೇಲೆ ಮೆಲ್ಲಗೆ ಆ ನಡುಕ ನಿಲ್ಲುತ್ತದೆ. ಒಂದು ಪೂರ್ತಿ ನಿಮಿಷ, ಪಿಟ್ಟೆಂಬ ಸದ್ದಿಲ್ಲ.

ಇದನ್ನು ನಾನೊಬ್ಬಳೇ ನೋಡಿ ಸುಮ್ಮನಿರುವುದು ಹೇಗೆ? ನಮ್ಮ ಬೀದಿಯ ಗಣೇಶೋತ್ಸವದಲ್ಲಿ ಒಂದು ಸಂಜೆ ಪರದೆ ಕಟ್ಟಿ ಸಿನಿಮಾ ಹಾಕುವ ಪದ್ಧತಿಯಿತ್ತು. ಸಿನಿಮಾ ಆರಿಸುವುದು ಹುಡುಗರು, ರಂಗೋಲಿ ಹಾಕುವುದು ಹುಡುಗಿಯರು. ಆ ವರ್ಷ ನಾನು ಸಮಿತಿಯ ಯಜಮಾನರಾದ ನಾಗರಾಜಣ್ಣನ ಹಿಂದೆ ಬಿದ್ದೆ.

“ಕಾರ್ಟೂನಾ? ಜನ ಎದ್ದು ಹೋಗ್ತಾರಮ್ಮ. ಅದೂ ಇಂಗ್ಲಿಷು!”

“ಮಾತೇ ಕಮ್ಮಿ ಅಣ್ಣ ಅದ್ರಲ್ಲಿ. ಒಂದ್ಸಲ ಹಾಕಿ ನೋಡಿ.”

“ಹಾಕ್ತೀನಿ. ಜನ ಎದ್ರೋ, ಮುಂದಿನ್ ವರ್ಷದಿಂದ ಸಿನಿಮಾ ವಿಷ್ಯಕ್ಕೆ ನೀನು ಬಾಯಿ ಹಾಕಂಗಿಲ್ಲ. ರಂಗೋಲಿ ಡಬ್ಬಿ ಹಿಡ್ಕೊಂಡು ಸುಮ್ನೆ ಕೂತ್ಕೋಬೇಕು. ಒಪ್ಗೆನಾ?”

ಒಪ್ಪಿದೆ. ಒಪ್ಪಿ ಮನೆಗೆ ಬಂದವಳು ಆ ಸಿ.ಡಿ.ಯನ್ನು ಮತ್ತೆ ಮೊದಲಿನಿಂದ ಹಾಕಿ ನೋಡಿದೆ.

ಆ ಸಂಜೆ ಕುರ್ಚಿಗಳೆಲ್ಲ ತುಂಬಿದವು. ಬಾಗಿಲಿನ ಹಿಡಿ ಕಿತ್ತು ಬಂದಾಗ ನಕ್ಕರು. ಜೋಲುವ ಅಂಗಿಗೆ ಮುಂದಿನ ಸಾಲಿನ ಶಾರದಮ್ಮನವರು, ನಮ್ಮೆದುರು ಮನೆಯವರು, ಜೋರಾಗಿಯೇ ಮರುಗಿದರು: “ಪಾಪ, ಆ ಮಗೂಗೆ ಒಂದು ಟಾಕಾ ಹಾಕ್ಕೊಡೋರೂ ಗತಿಯಿಲ್ವೇ?” ನನಗೆ ಜೀವ ಬಂತು. ಆಮೇಲೆ ಬಸ್ಸು ಬಂತು, ಕಟ್ಟೆ ಬಂತು, ನನ್ನ ನಿಮಿಷ ಬಂತು. ಸದ್ದು ನಿಂತಿತು.

ಗಣೇಶನ ಪೆಂಡಾಲಿನಲ್ಲಿ ಸದ್ದು ನಿಂತರೆ ಅದಕ್ಕೆ ಒಂದೇ ಅರ್ಥ. ಮೈಕ್ ಸೆಟ್ಟಿನ ಮಂಜಣ್ಣ ಎದ್ದು ಸ್ಪೀಕರ್ ಪೆಟ್ಟಿಗೆಯ ತಲೆಗೆ ಎರಡು ತಟ್ಟಿದ. ವೈರು ಎಳೆದ, ಮತ್ತೆ ಚುಚ್ಚಿದ. ಹಿಂದಿನಿಂದ ಹುಡುಗರು “ಸೌಂಡೂ! ಸೌಂಡೂ!” ಎಂದು ಶಿಳ್ಳೆ ಹೊಡೆದರು. ನಾಗರಾಜಣ್ಣ ಮೈಕ್ ಹಿಡಿದು, “ಹಲೋ, ಹಲೋ, ಭಕ್ತಾದಿಗಳು ಸಹಕರಿಸಬೇಕು, ತಾಂತ್ರಿಕ ತೊಂದರೆ” ಎಂದು ಶುರುಮಾಡಿದರು. ಎರಡು ಸಾಲು ಜನ ಏಳಲು ಚಪ್ಪಲಿ ಹುಡುಕುತ್ತಿದ್ದರು. ತೊಂದರೆ ಏನೂ ಇಲ್ಲ, ಅದು ಹಾಗೇ ಇರುವುದು ಎಂದು ಕೂಗಬೇಕಿತ್ತು ನಾನು.

ಕೂಗಿದವರು ಶಾರದಮ್ಮ. ಪರದೆಯಿಂದ ಕಣ್ಣು ತೆಗೆಯದೆ, ಕೈ ಮಾತ್ರ ಹಿಂದಕ್ಕೆ ಬೀಸಿ, “ಥೂ, ಬಾಯ್ಮುಚ್ಕೊಂಡು ಕೂತ್ಕೊಳ್ರೋ! ಆ ಹುಡ್ಗಿ ಯೋಚ್ನೆ ಮಾಡ್ತಿದಾಳೆ!”

ಶಿಳ್ಳೆ ನಿಂತಿತು. ಮಂಜಣ್ಣ ವೈರು ಹಿಡಿದುಕೊಂಡೇ ನಿಂತ. ನಾಗರಾಜಣ್ಣ ಮೈಕ್ ಕೆಳಗಿಳಿಸಿದರು. ಎದ್ದವರು ಎದ್ದಲ್ಲೇ ಪರದೆ ನೋಡಿದರು. ಗೆರೆಗಳ ನಡುಕ ನಿಂತು ಅವಳು ಒಂದು ಹೆಜ್ಜೆ ಮುಂದಿಟ್ಟಾಗ ಸಮುದ್ರದ ಸದ್ದು ಭೋರೆಂದು ವಾಪಸು ಬಂತು. “ನಾನೇ ಸರಿಮಾಡಿದ್ದು” ಎಂದ ಮಂಜಣ್ಣ. ಇವತ್ತಿಗೂ ಹಾಗೇ ಹೇಳುತ್ತಾನೆ.

ಕುರ್ಚಿ ಜೋಡಿಸುವಾಗ ನಾಗರಾಜಣ್ಣ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. “ಪರ್ವಾಗಿಲ್ಲ ಕಣಮ್ಮ. ಆದ್ರೆ ಮುಂದಿನ್ ವರ್ಷ ಸೌಂಡ್ ಇರೋ ಸಿನಿಮಾ ತಗೊಂಬಾ.”

ತಗೊಂಬಾ ಎಂದರು, ಕೇಳಿಸಿತಲ್ಲ?

ಅಂಥ ಸಿನಿಮಾ ಬೇರೆಯಾಗಿ ನಿಲ್ಲುವುದು ಹಾರಾಟದಿಂದ, ಹೊಡೆದಾಟದಿಂದ ಎಂದು ನಾನು ಈಗ ನಂಬುವುದಿಲ್ಲ. ಆ ವಯಸ್ಸಿನ ಮಕ್ಕಳು ಹಠಾತ್ತನೆ ಮಾತು ನಿಲ್ಲಿಸುತ್ತಾರೆ. ಏನೋ ಕೆಟ್ಟಿದೆಯೆಂದು ಅಪ್ಪ ತಲೆಗೆ ತಟ್ಟುತ್ತಾನೆ, ಅಮ್ಮ ವೈರು ಎಳೆಯುತ್ತಾಳೆ, ನೆಂಟರು ಮೈಕ್ ಹಿಡಿಯುತ್ತಾರೆ. ಒಳಗೆ ಗೆರೆಯೊಂದು ನಡುಕ ನಿಲ್ಲಿಸುತ್ತಿರುತ್ತದೆ, ಅಷ್ಟೆ. ಒಳ್ಳೆಯ ಸಿನಿಮಾ ಅಷ್ಟು ಹೊತ್ತು ಕಾಯುತ್ತದೆ.

ನೀವೂ ಒಂದು ಕಾಲಕ್ಕೆ ಹಾಗೆ ಸುಮ್ಮನಾಗಿರುತ್ತೀರಿ. ಆಗ ನಿಮ್ಮ ಮನೆಯಲ್ಲಿ ಪೆಟ್ಟಿಗೆ ತಟ್ಟಿದವರು ಯಾರು, “ಸುಮ್ನಿರ್ರೋ, ಯೋಚ್ನೆ ಮಾಡ್ತಿದಾಳೆ” ಎಂದವರು ಯಾರು? ಬರೆದು ತಿಳಿಸಿ. ನಾನು ಸದ್ದು ಮಾಡದೆ ಓದುತ್ತೇನೆ.