ಎರಡು ಸೆಟ್ಟುಗಳು ಸಮವೆಂದು ಹೇಳಿದ ದಿನ

ಸಿಂದಗಿಯ ಆ ಖಾಸಗಿ ಕಾಲೇಜಿನಲ್ಲಿ ನಾನೂ ನನ್ನ ಗೆಳತಿಯೂ ಒಂದೇ ವರ್ಷ ತಾತ್ಕಾಲಿಕ ಉಪನ್ಯಾಸಕಿಯರಾಗಿ ಸೇರಿದೆವು. ಕಂಪ್ಯೂಟರ್ ಕಲಿಸುವ ಬಿಸಿಎ ಪದವಿ ಆಗಷ್ಟೇ ಶುರುವಾಗಿತ್ತು. ನಾನು ಆಲಮೇಲದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವಳು ಬಸವನ ಬಾಗೇವಾಡಿಯವಳು, ಸಿಂದಗಿಯಲ್ಲೇ ಸೋದರತ್ತೆಯ ಮನೆಯಲ್ಲಿದ್ದಳು. ಕರೆಂಟಿದ್ದರೆ ಲ್ಯಾಬು, ಇಲ್ಲದಿದ್ದರೆ ಕರಿಹಲಗೆ. ಪ್ರೋಗ್ರಾಮ್ ಬರೆಯುವ ಜಾವಾ ಭಾಷೆ ನನ್ನ ಪಾಲಿಗೆ ಬಂದಿತ್ತು. ಅವಳಿಗೆ ಅದು ಅಷ್ಟಾಗಿ ಒಗ್ಗಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳು ಕೇಳುವಳು, ರೊಟ್ಟಿ ಮುರಿಯುತ್ತಲೇ ನಾನು ಹೇಳಿಕೊಡುವೆ.

ಕೆಲವು ವರ್ಷಗಳ ಮೇಲೆ ಒಂದು ಕಾಯಂ ಹುದ್ದೆ ಬಂತು. ಇಬ್ಬರೂ ಅರ್ಜಿ ಹಾಕಿದೆವು. ಆಯ್ಕೆ ಮಾಡುವವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಎರಡು ಸೆಟ್ಟುಗಳು, ಅಂದರೆ ಗಣಗಳು, ಸಮವೋ ಅಲ್ಲವೋ ಎಂದು ಪ್ರೋಗ್ರಾಮಿನಲ್ಲಿ ನೋಡುವುದು ಹೇಗೆ ಎಂಬುದನ್ನು ನಾನು ಆರಿಸಿಕೊಂಡೆ. ಹಿಂದಿನ ದಿನ ಸುತ್ತಲಿನ ಊರುಗಳ ಹೆಸರನ್ನೇ ಎರಡು ಸೆಟ್ಟುಗಳಿಗೆ ಹಾಕಿ ಅವಳ ಮುಂದೆಯೇ ಅಭ್ಯಾಸ ಮಾಡಿದೆ.

“ಒಂದರಾಗ ಆಲಮೇಲ ಮೊದಲ ಐತಿ, ಇನ್ನೊಂದರಾಗ ಯಂಕಂಚಿ ಮೊದಲ. ಆದರೂ ಸಮ ಅಂತೀಯಲ್ಲ, ಯಾಕ?” ಅಂದಳು.

“ಸೆಟ್ಟಿನಾಗ ಹಿಂದ-ಮುಂದ ಅನ್ನೋದು ಇರಂಗಿಲ್ಲ. ನಿಮ್ಮನ್ಯಾಗ ಯಾರ್ಯಾರು ಅದೀರಿ ಅಂದ್ರ ಹಿರೇರಿಂದ ಹೇಳಿದ್ರೂ ಅಷ್ಟ, ಕಿರೇರಿಂದ ಹೇಳಿದ್ರೂ ಅಷ್ಟ. ಮಂದಿ ಅಂತೂ ಅವರೇ.”

“ಹಾಂ, ಈಗ ತಲಿಗೆ ಹೋತು” ಎಂದು ನಕ್ಕಳು.

ಮರುದಿನ ಲ್ಯಾಬಿನಲ್ಲಿ ಸಂಸ್ಥೆಯ ಅಧ್ಯಕ್ಷರು, ಪ್ರಾಚಾರ್ಯರು, ಹೊರಗಿನಿಂದ ಕರೆಸಿದ ವಿಷಯತಜ್ಞರು ಕೂತಿದ್ದರು. ಅರ್ಜಿ ಹಾಕಿದ ನಾವೆಲ್ಲ ಒಬ್ಬರ ಪಾಠ ಒಬ್ಬರು ಕೇಳಬೇಕು. ಗೆಳತಿ ಹಿಂದಿನ ಬೆಂಚಿನಲ್ಲಿದ್ದಳು. ಆಲಮೇಲ, ದೇವಣಗಾಂವ, ಯಂಕಂಚಿ ಎಂಬ ಊರುಗಳನ್ನು ಎರಡು ಬಗೆಯ ಸೆಟ್ಟುಗಳಿಗೆ ಹಾಕಿ ಓಡಿಸಿದೆ. ಪರದೆಯ ಮೇಲೆ ಊರುಗಳು ಬೇರೆ ಬೇರೆ ಕ್ರಮದಲ್ಲಿ ಬಂದವು. ಕೆಳಗೆ ‘ಟ್ರೂ’, ಅಂದರೆ ಸಮ, ಎಂದು ಬಂತು.

“ಮೇಡಂ, ಇದು ತಪ್ಪೈತಿ” ಎಂದರು ತಜ್ಞರು. “ಕ್ರಮ ಬ್ಯಾರೆ ಐತಿ. ಸಮ ಹೆಂಗಾದಾವು?”

“ಸರ್, ಸೆಟ್ಟಿಗೆ ಕ್ರಮ ಲೆಕ್ಕಕ್ಕಿಲ್ರಿ. ಸಾಲಾಗಿ ಇಡೋ ಲಿಸ್ಟ್ ಆಗಿದ್ರ ನೀವು ಹೇಳಿದ್ದು ಖರೇರಿ.”

ಹೇಳಿ ಸುಮ್ಮನಾಗಲಿಲ್ಲ. ಅವೇ ಊರುಗಳನ್ನು ಪರದೆಯ ಮೇಲೆ ಬಂದ ಆ ಎರಡು ಕ್ರಮಗಳಲ್ಲೇ ಎರಡು ಲಿಸ್ಟುಗಳಿಗೆ ಹಾಕಿ ಓಡಿಸಿದೆ, ಸಮವಲ್ಲ ಎನ್ನುವ ‘ಫಾಲ್ಸ್’ ಬಂತು. ಅವರಿಗೆ ಸಂತೋಷವಾದೀತು ಎಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು.

“ನನಗ ಕಲಿಸಾಕ ಬಂದೀರೇನು?” ಎಂದವರೇ ಹಿಂದಿನ ಬೆಂಚಿನ ಕಡೆ ತಿರುಗಿ ನನ್ನ ಗೆಳತಿಯನ್ನು ಕೇಳಿದರು, “ನೀವು ಹೇಳ್ರಿ, ಆ ಎರಡು ಸೆಟ್ಟು ಸಮ ಏನು?”

ಅವಳು ಎದ್ದು ನಿಂತಳು. ಪರದೆ ನೋಡಿದಳು, ನನ್ನನ್ನು ನೋಡಿದಳು.

“ಇಲ್ರಿ ಸರ್. ಕ್ರಮ ಬ್ಯಾರೆ ಐತ್ರಿ.”

ಸಂಜೆ ಬಸ್ ನಿಲ್ದಾಣಕ್ಕೆ ಹುಡುಕಿಕೊಂಡು ಬಂದಳು. “ಸಿಟ್ಟಾಗಬ್ಯಾಡ. ನೀ ಹೆಂಗೂ ಅವರನ್ನ ಎದುರ ಹಾಕ್ಕೊಂಡಿದ್ದಿ. ಇಬ್ಬರೂ ಯಾಕ ಕೆಡಬೇಕು?” ಅಂದಳು. ಆಲಮೇಲದ ಬಸ್ಸು ಬಂತು, ಹತ್ತಿದೆ.

ಹುದ್ದೆ ಅವಳದಾಯಿತು. ಮುಂದಿನ ವರ್ಷ ನನ್ನನ್ನು ತಾತ್ಕಾಲಿಕಕ್ಕೂ ಕರೆಯಲಿಲ್ಲ. ಮದುವೆಯಾಗಿ ಇಂಡಿಗೆ ಹೋದೆ. ಅಲ್ಲೊಂದು ಶಾಲೆಯಲ್ಲಿ ಮಕ್ಕಳಿಗೆ ಮೌಸ್ ಹಿಡಿಯುವುದನ್ನೂ ಕಂಪ್ಯೂಟರಿನಲ್ಲಿ ಮನೆ, ಸೂರ್ಯ ಬಿಡಿಸುವುದನ್ನೂ ಕಲಿಸಿದೆ. ಕಲಿತ ಜಾವಾ ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಎಷ್ಟೋ ದಿನಗಳ ಮೇಲೆ ಅವಳ ಫೋನು ಬಂತು. “ಎರಡು ಸೆಟ್ಟಿನಾಗೂ ಅದೇ ವಿದ್ಯಾರ್ಥಿಗಳು ಅದಾರ. ಇಬ್ಬರು ಒಂದೇ ಏನು ಅಂತ ನೋಡೋ ಈಕ್ವಲ್ಸ್ ಬರ್ದೇನಿ. ಆದರೂ ಫಾಲ್ಸ್ ಬರಾಕತ್ತೈತಿ. ನಾಳೆ ಪಾಠ ಐತಿ.”

“ಹ್ಯಾಶ್‌ಕೋಡ್ ಬರ್ದಿಲ್ಲ ನೀ. ಅದು ಯಾವ ಖಾನೆಯೊಳಗ ಹುಡುಕಬೇಕು ಅಂತ ಹೇಳ್ತೈತಿ. ಖಾನೆ ತಪ್ಪಿದ್ರ ನಿನ್ನ ಈಕ್ವಲ್ಸ್ ತನಕ ಬರಂಗೇ ಇಲ್ಲ.”

ಕೀಲಿ ಒತ್ತುವ ಸದ್ದು ಕೇಳಿಸಿತು. “ಟ್ರೂ ಬಂತು ನೋಡು! ನಿನ್ನಷ್ಟು ಚಲೋ ಯಾರೂ ಹೇಳಂಗಿಲ್ಲ” ಎಂದಳು. ನಾನು ಏನು ಮಾಡುತ್ತಿದ್ದೇನೆ ಎಂದು ಕೇಳದೆಯೇ ಫೋನಿಟ್ಟಳು.

ಯಾಕೆ ಹೇಳಿಕೊಟ್ಟೆ ಎಂದು ಗಂಡ ಕೇಳಿದರು. ಅವಳ ಮುಂದೆ ಕೂರುವ ಮಕ್ಕಳು ತಪ್ಪು ಕಲಿಯಬಾರದು ಎಂದೆ. ಅದು ಅರ್ಧ ಸತ್ಯ. ನಾನು ಬಲ್ಲೆನೆಂದು ಅವಳ ಬಾಯಿಂದಲೇ ಒಮ್ಮೆ ಕೇಳಬೇಕಿತ್ತು. ಕೇಳಿದೆ. ಆದರೆ ಅಂದು ಲ್ಯಾಬಿನಲ್ಲಿ ಕೂತಿದ್ದವರು ಯಾರೂ ಅದನ್ನು ಕೇಳಲಿಲ್ಲ, ಅಲ್ಲಿ ಆಗ ಅವಳೊಬ್ಬಳೇ ಇದ್ದಳು.